ಖರ್ಚಿಗೆ ಹೆದರಿ ಹಲ್ಲು ಕಳೆದುಕೊಳ್ಳಬೇಡಿ

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ನಾವು ಎಲ್ಲದಕ್ಕೂ ಬಳಸುತ್ತೇವೆ. ಹಲ್ಲಿನ ಮಟ್ಟಿಗೇ ಅದೆಷ್ಟು ನಿಜ ಎಂದು ಮಾತ್ರ ಯೋಚಿಸುವುದಿಲ್ಲ. ನಿಮ್ಮ ಮನೆಯನ್ನೇ ತೆಗೆದುಕೊಳ್ಳಿ. ಕೆಲಸದಲ್ಲಿರುವ ಮಗನಿಗೆ ಕಂಪೆನಿಯ ವಿಮೆ ಇರಬಹುದು, ಅದರಲ್ಲಿ ಹೆಂಡತಿ ಮಕ್ಕಳ ಹೆಸರೂ ಸೇರಿರಬಹುದು. ಊರಿನಿಂದ ಬಂದು ಜೊತೆಗಿರುವ ತಂದೆತಾಯಿ, ಮನೆಯಲ್ಲೇ ಬಟ್ಟೆ ಹೊಲಿಯುವ ತಂಗಿ, ಸ್ವಂತ ಆಟೋ ಓಡಿಸುವ ತಮ್ಮ, ಇವರಿಗೆ ಯಾರು ದಿಕ್ಕು? ವಿಮೆ ಇದ್ದವರಿಗೂ ಅಪಘಾತದಲ್ಲಿ ಹಲ್ಲು ಮುರಿದ ಹೊರತು ಹಲ್ಲಿನ ಖರ್ಚು ಸಿಗುವುದು ಅಪರೂಪ. ಹೀಗಾಗಿ ನೋವು ಬಂದವರು ಲವಂಗ ಕಚ್ಚಿಕೊಂಡು, ಅಂಗಡಿಯಿಂದ ಮಾತ್ರೆ ತಂದು ನುಂಗಿ ದಿನ ತಳ್ಳುತ್ತಾರೆ.

ದಿನ ತಳ್ಳಿದಷ್ಟೂ ಖರ್ಚು ಬೆಳೆಯುತ್ತದೆ. ಹುಳುಕು ಹಲ್ಲಿನ ಹೊರಕವಚದಲ್ಲಿರುವಾಗ ನೋವೇ ಇರುವುದಿಲ್ಲ. ಆಗ ಒಂದು ಸಲ ಕುಳಿ ತುಂಬಿಸಿದರೆ ಮುಗಿಯಿತು. ಒಳಪದರಕ್ಕೆ ಇಳಿದಾಗ ತಣ್ಣೀರು ತಾಗಿದರೆ ಜುಂ ಎನ್ನುತ್ತದೆ. ನರದವರೆಗೆ ಹೋದ ಮೇಲೆ ರಾತ್ರಿ ನಿದ್ದೆಗೆಡಿಸುವ ನೋವು. ಆಗ ಬೇರುನಾಳದ ಚಿಕಿತ್ಸೆ, ಅದರ ಮೇಲೆ ಕ್ಯಾಪು. ಅದಕ್ಕೂ ತಡವಾದರೆ ಹಲ್ಲು ಕೀಳಿಸಿ ಕಟ್ಟಿಸಿಕೊಳ್ಳಬೇಕು. ಮಾತ್ರೆ ನೋವನ್ನು ಅಡಗಿಸಬಹುದೇ ಹೊರತು ಹುಳುಕನ್ನು ನಿಲ್ಲಿಸುವುದಿಲ್ಲ. ನೋವು ಬಂದಾಗ ಹೋಗುವುದಲ್ಲ, ಬರುವ ಮೊದಲೇ ಹೋಗುವುದು ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ.

ಎಲ್ಲಿಗೆ ಹೋಗಬೇಕು?

ಮೊದಲು ಮನೆಯಲ್ಲಿ ಯಾರಿಗಾದರೂ ಇಎಸ್‌ಐ ಕಾರ್ಡು ಇದೆಯೇ ನೋಡಿ. ಅವರನ್ನು ಅವಲಂಬಿಸಿರುವ ತಂದೆತಾಯಿಗೂ ಅದರಲ್ಲಿ ಚಿಕಿತ್ಸೆಗೆ ಅವಕಾಶವಿದೆ. ಅದಿಲ್ಲದವರಿಗೆ ದಂತ ಕಾಲೇಜುಗಳೇ ಆಸರೆ. ಈ ವಿಷಯದಲ್ಲಿ ಉತ್ತರಹಳ್ಳಿಯವರು ಅದೃಷ್ಟವಂತರು. ಪಕ್ಕದ ಕುಮಾರಸ್ವಾಮಿ ಬಡಾವಣೆಯಲ್ಲಿ ದಯಾನಂದ ಸಾಗರ್, ಜೆ.ಪಿ. ನಗರದಲ್ಲಿ ಆರ್.ವಿ., ವಿ.ವಿ. ಪುರದ ಕೆ.ಆರ್. ರಸ್ತೆಯಲ್ಲಿ ವಿ.ಎಸ್. ದಂತ ಕಾಲೇಜುಗಳಿವೆ. 1958ರಲ್ಲಿ ಆರಂಭವಾದ ಸರ್ಕಾರಿ ದಂತ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಬಳಿ, ಕೆ.ಆರ್. ಮಾರುಕಟ್ಟೆಗೆ ಹೋಗುವ ಬಸ್ಸು ಹತ್ತಿದರೆ ಸಿಗುವಷ್ಟು ಸಮೀಪ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೂ ಇಲ್ಲ.

‘ಕಲಿಯುವ ಹುಡುಗರ ಕೈಗೆ ಬಾಯಿ ಕೊಡುವುದೇ?’ ಎಂದು ಹಿಂಜರಿಯುವವರು ಬಹಳ. ಅಲ್ಲಿ ವಿದ್ಯಾರ್ಥಿ ಮಾಡುವ ಒಂದೊಂದು ಹಂತವನ್ನೂ ಅಧ್ಯಾಪಕರು ನೋಡಿ ಒಪ್ಪಬೇಕು. ನಿಗದಿತ ಚಿಕಿತ್ಸೆಗಳನ್ನು ಮಾಡದೆ ವಿದ್ಯಾರ್ಥಿಯ ಓದು ಮುಗಿಯದು. ಅವರಿಗೆ ನೀವು ಬೇಕು, ಅದಕ್ಕೇ ಅಲ್ಲಿ ದರ ಕಡಿಮೆ. ಅಲ್ಲಿ ಹಣಕ್ಕಿಂತ ಹೆಚ್ಚಾಗಿ ಖರ್ಚಾಗುವುದು ನಿಮ್ಮ ಸಮಯ. ಖಾಸಗಿ ವೈದ್ಯರು ಎರಡು ಭೇಟಿಯಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ನಾಲ್ಕೈದು ಭೇಟಿ ಬೇಕಾಗಬಹುದು.

ಎಡವುವುದು ಇಲ್ಲೇ. ಬೇರುನಾಳದ ಚಿಕಿತ್ಸೆಯಲ್ಲಿ ಮೊದಲ ಭೇಟಿಗೇ ನೋವು ಹೋಗಿಬಿಡುತ್ತದೆ. ‘ವಾಸಿಯಾಯಿತು’ ಎಂದುಕೊಂಡು ಎಷ್ಟೋ ಜನ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ತಾತ್ಕಾಲಿಕವಾಗಿ ತುಂಬಿದ್ದು ಸವೆದು ಸೋಂಕು ಮರಳುತ್ತದೆ, ಇಲ್ಲವೇ ಹಲ್ಲು ಸೀಳುತ್ತದೆ. ಕೊಟ್ಟ ಹಣವೂ ಹೋಯಿತು, ಹಲ್ಲೂ ಹೋಯಿತು. ಆದ್ದರಿಂದ ಮೊದಲ ದಿನವೇ ಕೇಳಿ: ಒಟ್ಟು ಎಷ್ಟು ಭೇಟಿ? ಕ್ಯಾಪಿನ ಹಣ ಇದರಲ್ಲೇ ಸೇರಿದೆಯೇ, ಬೇರೆಯೇ? ಒಟ್ಟು ಮೊತ್ತವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಹಿರಿಯರನ್ನು ಕರೆದೊಯ್ಯುವಾಗ ಅವರು ನುಂಗುವ ಮಾತ್ರೆಗಳೆಲ್ಲ ಕೈಯಲ್ಲಿರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಹಲ್ಲು ಕೀಳುವ ಮೊದಲೇ ಹೇಳಬೇಕು; ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು. ವಸಡಿನ ಸೋಂಕು ಸಕ್ಕರೆ ಕಾಯಿಲೆಯನ್ನು ಇನ್ನಷ್ಟು ಕೆಡಿಸುತ್ತದೆ ಎಂಬುದನ್ನೂ ಮರೆಯಬೇಡಿ. ರಸ್ತೆಬದಿಯಲ್ಲಿ ಅಗ್ಗಕ್ಕೆ ಹಲ್ಲು ಕೂರಿಸುವವರ ಬಳಿಗಂತೂ ಹೋಗಲೇಬೇಡಿ. ಅವರು ಅಂಟಿಸುವ ಹಲ್ಲು ಪಕ್ಕದ ಗಟ್ಟಿ ಹಲ್ಲುಗಳನ್ನೂ ಹಾಳುಮಾಡುತ್ತದೆ.

ಉಳಿಸುವ ಯೋಜನೆ ಬೇಕು

ಎಲ್ಲ ಹೊಣೆಯನ್ನೂ ರೋಗಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ದಿನಗೂಲಿಯವರಿಗೆ ಐದು ಭೇಟಿ ಎಂದರೆ ಐದು ದಿನದ ಕೂಲಿ. ಕಾಲೇಜುಗಳು ವಾರದಲ್ಲಿ ಒಂದೆರಡು ಸಂಜೆಯಾದರೂ ಹೊರರೋಗಿಗಳನ್ನು ನೋಡಬೇಕು. ದರಪಟ್ಟಿಯನ್ನು ಬಾಗಿಲಲ್ಲೇ ಕನ್ನಡದಲ್ಲಿ ಹಾಕಬೇಕು. ಬಡ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2014-15ರಲ್ಲಿ ತಂದಿತು. ಒಳ್ಳೆಯದೇ. ಆದರೆ ಅದು ಹಲ್ಲು ಹೋದ ಮೇಲಿನ ಭಾಗ್ಯ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ; ಅವುಗಳಲ್ಲಿ ಹೆಚ್ಚಿನವು ತಡೆಯಬಹುದಾದವು. ಬಡಾವಣೆಯ ಆರೋಗ್ಯ ಕೇಂದ್ರದಲ್ಲೇ ವಾರಕ್ಕೊಂದು ದಿನ ದಂತವೈದ್ಯರು ಕುಳಿತು ಸಣ್ಣ ಕುಳಿಗಳನ್ನು ತುಂಬಿದರೆ, ಸೆಟ್ಟು ಬೇಕಾಗುವವರ ಸಂಖ್ಯೆ ತಾನಾಗಿಯೇ ಇಳಿಯುತ್ತದೆ.

ಅಲ್ಲಿಯವರೆಗೆ ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಈ ಭಾನುವಾರ ಅಮ್ಮನನ್ನು ಕೇಳಿ: ‘ಯಾವ ಕಡೆ ಅಗಿಯುತ್ತೀಯ?’ ‘ಒಂದೇ ಕಡೆ’ ಎಂದರೆ ಇನ್ನೊಂದು ಕಡೆ ಏನೋ ಕೆಟ್ಟಿದೆ ಎಂದೇ ತಿಳಿಯಿರಿ. ಹಿರಿಯರು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳ ಖರ್ಚು ಉಳಿಸಲು ಅನ್ನವನ್ನು ಮೆತ್ತಗೆ ಕಲಸಿಕೊಂಡು ನುಂಗುತ್ತಾರೆ. ಸೋಮವಾರ ಅರ್ಧ ದಿನ ರಜೆ ಹಾಕಿ, ಅವರನ್ನು ಕರೆದುಕೊಂಡು ಹೋಗಿ.