ಅವಧಿ ಮುಗಿದಿದೆ ಅಂತ ಹೇಳೋದು ಯಾರು?

ಬಹಳ ದಿನಗಳಿಂದ ಏನೂ ಬರೆದಿರಲಿಲ್ಲ. ಸೋಮಾರಿತನ ಒಂದು ಕಾರಣ. ದಿನಾ ಮಾಲೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರೋದು ಇನ್ನೊಂದು. ಇವತ್ತು ಬರೆಯೋಕೆ ಹೊರಟಿರೋ ವಿಷಯ ಕೇಳಿದರೆ ನೀವು ಆಕಳಿಸಬಹುದು. ಸಂಘದ ಸದಸ್ಯತ್ವ ನವೀಕರಣಕ್ಕೆ ಸಾಫ್ಟ್‌ವೇರಿನಲ್ಲಿ ಮಾಡೋ ಸೆಟ್ಟಿಂಗ್ ಬಗ್ಗೆ. ಆದರೆ ಸ್ವಲ್ಪ ತಾಳ್ಮೆಯಿಂದ ಓದಿ. ನಿಮ್ಮ ಊರಲ್ಲೂ ಒಂದು ಸಂಘ ಇದ್ದೇ ಇರುತ್ತೆ, ಅದರ ಲೆಕ್ಕವನ್ನ ಕಂಪ್ಯೂಟರಿಗೆ ಹಾಕಿಕೊಡು ಅಂತ ನಿಮ್ಮನ್ನೂ ಒಂದು ದಿನ ಕೇಳೇ ಕೇಳ್ತಾರೆ.

ನಮ್ಮೂರು ಶಿವಾರಪಟ್ಟಣ. ಕೋಲಾರ ಜಿಲ್ಲೆ, ಮಾಲೂರು ತಾಲ್ಲೂಕು. ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ಕಲ್ಲಿನ ವಿಗ್ರಹಗಳ ಊರು. ಬೀದಿಗೆ ಕಾಲಿಟ್ಟರೆ ಸಾಕು, ಶೆಡ್ಡುಗಳಿಂದ ಉಳಿ ಸುತ್ತಿಗೆ ಸದ್ದು, ಈಗೀಗ ಅದಕ್ಕಿಂತ ಜಾಸ್ತಿ ಗ್ರೈಂಡರ್ ಸದ್ದು. ಅರ್ಧ ಮೂಡಿದ ಗಣಪ, ಮುಖ ಮಾತ್ರ ಬಂದಿರೋ ಅಮ್ಮ, ಬಾಲ ಬಾಕಿ ಇರೋ ಆಂಜನೇಯ ಎಲ್ಲರೂ ರಸ್ತೆ ಪಕ್ಕದಲ್ಲೇ ಕೂತಿರ್ತಾರೆ. ಕೆತ್ತುವವರ ಮನೆಯವನೇ ಆದರೂ ನಾನು ಉಳಿ ಹಿಡಿಯಲಿಲ್ಲ, ಕೀಬೋರ್ಡ್ ಹಿಡಿದೆ. ಆ ತಪ್ಪಿತಸ್ಥ ಭಾವ ಇರೋದ್ರಿಂದಲೋ ಏನೋ, ನಮ್ಮ ಸಣ್ಣ ಸಂಘದವರು 2022ರಲ್ಲಿ "ಲೆಡ್ಜರ್ ಹರಿದು ಹೋಗ್ತಿದೆ, ಕಂಪ್ಯೂಟರಿಗೆ ಹಾಕಿಕೊಡಪ್ಪಾ" ಅಂದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ.

ದುಡ್ಡು ಕೊಟ್ಟು ಕೊಳ್ಳೋ ಶಕ್ತಿ ಸಂಘಕ್ಕಿಲ್ಲ. ಅದಕ್ಕೆ ಸಿವಿಸಿಆರ್‌ಎಂ ಅನ್ನೋ ಮುಕ್ತ ತಂತ್ರಾಂಶ ಹಾಕಿದೆ. ಪುಕ್ಕಟೆ ಸಿಗುತ್ತೆ, ಸಂಘ ಸಂಸ್ಥೆಗಳಿಗಂತಲೇ ಮಾಡಿರೋದು. ಸದಸ್ಯತ್ವದ ವಿಷಯದಲ್ಲಿ ಅದು ನಿಮ್ಮನ್ನ ಕೆಲವು ಪ್ರಶ್ನೆ ಕೇಳುತ್ತೆ. ಒಬ್ಬರ ಸದಸ್ಯತ್ವ ಸೇರಿದ ದಿನದಿಂದ ಒಂದು ವರ್ಷವೋ (ಇದಕ್ಕೆ ರೋಲಿಂಗ್ ಅಂತಾರೆ), ಇಲ್ಲ ಎಲ್ಲರಿಗೂ ಒಂದೇ ದಿನ ಶುರುವಾಗಿ ಒಂದೇ ದಿನ ಮುಗಿಯಬೇಕೋ (ಇದು ಫಿಕ್ಸೆಡ್)? ಮುಗಿದ ಮೇಲೆ ಎಷ್ಟು ದಿನ ಕಾಯಬೇಕು? ಅದಕ್ಕೆ ಗ್ರೇಸ್ ಅಂತ ಹೆಸರು. ಗ್ರೇಸ್ ಕಳೆದ ಮೇಲೆ ಎಕ್ಸ್‌ಪೈರ್ಡ್. ನೀವೇನೂ ಮುಟ್ಟದಿದ್ದರೆ ಗ್ರೇಸ್ ಒಂದು ತಿಂಗಳು ಅಂತ ಮೊದಲೇ ತುಂಬಿಟ್ಟಿರುತ್ತೆ.

ನಾನು ಮುಟ್ಟಲಿಲ್ಲ. ಬೈಲಾದಲ್ಲಿ ಏಪ್ರಿಲ್‌ನಿಂದ ಮಾರ್ಚ್ ಅಂತ ಇತ್ತು, ಫಿಕ್ಸೆಡ್ ಒತ್ತಿದೆ. ಎಕ್ಸ್‌ಪೈರ್ಡ್ ಅನ್ನೋದನ್ನ ಕನ್ನಡದಲ್ಲಿ "ಅವಧಿ ಮುಗಿದಿದೆ" ಅಂತ ಬರೆದೆ. ಕನ್ನಡದಲ್ಲಿ ಮಾಡಿದ್ದಕ್ಕೆ ಬೆನ್ನು ಬೇರೆ ತಟ್ಟಿಕೊಂಡೆ :)

ಮುಂದೆ ಆಗಿದ್ದು ಹೇಳ್ತೀನಿ. 2023ರ ಜೂನ್‌ನಲ್ಲಿ ಮಹಾಸಭೆ. ಅವತ್ತಿನ ಮುಖ್ಯ ವಿಷಯ ಕಲ್ಲುಪುಡಿ ಎಲ್ಲಿ ಸುರಿಯಬೇಕು ಅನ್ನೋದು. ಗ್ರೈಂಡರ್ ಬಂದ ಮೇಲೆ ಪುಡಿ ಜಾಸ್ತಿ, ಎಲ್ಲರೂ ತೋಚಿದ ಕಡೆ ಸುರೀತಾರೆ. ಆ ದೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತೆ, ಬಂದರೆ ವಾಪಸು ಹೋಗಲ್ಲ. ಸಂಘ ನೋಡಿದ್ದ ಜಾಗ ನಮ್ಮ ಹಿರಿಯರೊಬ್ಬರ ಶೆಡ್ಡಿನ ಪಕ್ಕದ್ದು. ಅವರ ಹೆಸರು ಬೇಡ, ತಾತ ಅಂತಲೇ ಕರೀತೀನಿ. ಸಂಘ ಕಟ್ಟುವಾಗ ಮನೆಮನೆಗೆ ಹೋಗಿ ಚಂದಾ ಎತ್ತಿದವರಲ್ಲಿ ಅವರೂ ಒಬ್ಬರು. ಅವತ್ತು ಹೊಸ ಪಂಚೆ ಉಟ್ಟು ಬಂದಿದ್ದರು, ಮಾತಾಡಬೇಕು ಅಂತ.

ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದ ಹುಡುಗ ನೋಡಿದ, ಹುಡುಕಿದ, ಆಮೇಲೆ ಜೋರಾಗಿ ಓದಿದ: "ತಾತ, ನಿಮ್ಮ ಅವಧಿ ಮುಗಿದಿದೆ ಅಂತ ತೋರಿಸ್ತಿದೆ."

ಎಪ್ಪತ್ತು ದಾಟಿದವರಿಗೆ! ಸುತ್ತ ಇದ್ದವರು ನಕ್ಕರು. ತಾತನೂ ನಕ್ಕರು. ನಕ್ಕು, ಹಾಗೇ ತಿರುಗಿ ಮನೆಗೆ ಹೋದರು. ಜಾಗದ ತೀರ್ಮಾನ ಅವತ್ತೇ ಆಯ್ತು, ಅವರ ಮಾತಿಲ್ಲದೆ.

ಆಗಿದ್ದಿಷ್ಟೇ. ಚೈತ್ರ, ವೈಶಾಖ ಅಂದರೆ ಪ್ರತಿಷ್ಠೆಗಳ ಕಾಲ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮವರು ವಿಗ್ರಹದ ಜೊತೆ ಊರೂರು ಅಲೀತಿರ್ತಾರೆ. ಕೆಲಸದ ಬಾಕಿ ದುಡ್ಡು ಕೈಗೆ ಬರೋದೂ ಪ್ರತಿಷ್ಠೆ ಆದ ಮೇಲೆ. ಅಂದರೆ ನಾನು ಇಟ್ಟಿದ್ದ ಗ್ರೇಸ್ ತಿಂಗಳು, ಸದಸ್ಯರು ಊರಲ್ಲೂ ಇಲ್ಲದ, ಜೇಬಲ್ಲೂ ಇಲ್ಲದ ತಿಂಗಳು. ಕಂಪ್ಯೂಟರ್ ಎರಡು ಸಲ ನೆನಪಿನ ಎಸ್ಸೆಮ್ಮೆಸ್ ಕಳಿಸಿತ್ತು ನಿಜ. ತಾತನದು ಹಳೇ ಬಟನ್ ಫೋನು, ಕನ್ನಡ ಅಕ್ಷರ ಬರೀ ಡಬ್ಬಿ ಡಬ್ಬಿಯಾಗಿ ಕಾಣುತ್ತೆ. ಮೇ 1ರ ಬೆಳಗಿನ ಜಾವ ನಾವೆಲ್ಲ ಮಲಗಿದ್ದಾಗ ಕಂಪ್ಯೂಟರ್ ತನ್ನ ಪಾಡಿಗೆ ಸ್ಥಿತಿ ಬದಲಿಸಿತು. ಯಾರೂ ತೀರ್ಮಾನ ಮಾಡಲಿಲ್ಲ, ಆದರೆ ತೀರ್ಮಾನ ಆಗಿಹೋಗಿತ್ತು.

ತಪ್ಪು ತಂತ್ರಾಂಶದ್ದಲ್ಲ, ನನ್ನದು. ಅದು ಕೇಳಿತ್ತು, ನಾನು ಉತ್ತರ ಕೊಡದೆ ಮುಂದೆ ಹೋಗಿದ್ದೆ. ಮೊದಲೇ ತುಂಬಿಟ್ಟ ಉತ್ತರ ಅಂದರೆ ನಮ್ಮ ಊರನ್ನ ಎಂದೂ ನೋಡದ ಯಾರೋ ಒಬ್ಬರ ಅಂದಾಜು. ಅದನ್ನ ಹಾಗೇ ಬಿಟ್ಟರೆ ಅದೇ ನಮ್ಮ ಸಂಘದ ಕಾನೂನಾಗುತ್ತೆ. ನನಗೆ ಹೇಳಬೇಕಾಗಿರೋದು ಇದೇ. ಈ ಖಾನೆಗಳನ್ನ ತುಂಬೋದು ಕಂಪ್ಯೂಟರ್ ಬಲ್ಲವನ ಕೆಲಸ ಅಲ್ಲ, ಸಂಘದ ಕೆಲಸ. ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನ ಆಗೋದು ಅಲ್ಲೇ.

ಕಾಯ್ದೆ ಏನು ಹೇಳುತ್ತೆ ಅಂತ ಆಮೇಲೆ ಹುಡುಕಿದೆ. ಬ್ರಿಟಿಷರ ಕಾಲದ, 1860ರ ಸಂಘಗಳ ನೋಂದಣಿ ಕಾಯ್ದೆಯ 15ನೇ ಕಲಮಿನಲ್ಲಿ, ಚಂದಾ ಬಾಕಿ ಮೂರು ತಿಂಗಳು ಮೀರಿದವರಿಗೆ ಮತ ಇಲ್ಲ ಅಂತ ಇದೆ. ಕರ್ನಾಟಕಕ್ಕೆ 1960ರದ್ದೇ ಬೇರೆ ಕಾಯ್ದೆ ಇದೆ, ಆ ಮಾತು ಬೇರೆ. ನನಗೆ ನಾಚಿಕೆ ಆಗಿದ್ದು ಯಾಕಂದ್ರೆ, ನಮ್ಮನ್ನ ಆಳೋಕೆ ಬಂದವರೇ ಮೂರು ತಿಂಗಳು ಕಾದಿದ್ದರು, ನಾನು ನನ್ನೂರಿನವರಿಗೆ ಒಂದು ತಿಂಗಳು ಕೊಟ್ಟಿದ್ದೆ!

"ಹಂಗಾದ್ರೆ ಹಳೇ ಲೆಡ್ಜರೇ ಚೆನ್ನಾಗಿತ್ತಾ?" ಅಂತ ನೀವು ಕೇಳಬಹುದು. ಅಷ್ಟು ಸುಲಭವಾಗಿ ಹೇಳೋಕೆ ಬರಲ್ಲ. ಹಳೇ ಖಜಾಂಚಿ ಯಾರ ಹೆಸರನ್ನೂ ಹೊಡೆದು ಹಾಕ್ತಿರಲಿಲ್ಲ. ಬಾಕಿ ಇದ್ದರೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ, ಪಕ್ಕದಲ್ಲಿ "ಪ್ರತಿಷ್ಠೆ ಆದ ಮೇಲೆ" ಅಂತ ಒಂದು ಮಾತು. ಕೇಳೋಕೆ ಚೆನ್ನಾಗಿದೆ. ಆದರೆ ಅದೇ ಪೆನ್ಸಿಲು ಚುನಾವಣೆ ಹತ್ತಿರ ಬಂದಾಗ ಬೇಕಾದವರ ಚುಕ್ಕಿ ಅಳಿಸ್ತಿತ್ತು, ಬೇಡವಾದವರ ಚುಕ್ಕಿ ಉಳಿಸ್ತಿತ್ತು. ನಮ್ಮ ಕಡೆ ಹಾಲಿನ ಸೊಸೈಟಿ ಚುನಾವಣೆ ಬಂದಾಗ ನೋಟಿಸ್ ಬೋರ್ಡಿನಲ್ಲಿ ಅರ್ಹ ಮತದಾರರು, ಅನರ್ಹ ಮತದಾರರು ಅಂತ ಪಟ್ಟಿ ಹಚ್ಚೋದನ್ನ ನೋಡಿದವರಿಗೆ, ಆ ಪಟ್ಟಿಗೆ ಎಷ್ಟು ಬಿಸಿ ಇರುತ್ತೆ ಅಂತ ಗೊತ್ತು. ಕಂಪ್ಯೂಟರಿಗೆ ಬೇಕಾದವರು ಬೇಡದವರು ಅಂತ ಇಲ್ಲ. ಎಲ್ಲರಿಗೂ ಒಂದೇ ನಿಯಮ. ಆ ಗುಣ ನನಗೆ ಬೇಕು. ನಿಯಮ ಮಾತ್ರ ನಮ್ಮದಾಗಿರಬೇಕು.

ಇನ್ನು ಕೆಲವರು "ಆಜೀವ ಸದಸ್ಯತ್ವ ಮಾಡಿಬಿಡಿ, ನವೀಕರಣದ ತಲೆನೋವೇ ಇಲ್ಲ" ಅಂದರು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಆಜೀವ ಸದಸ್ಯರಿದ್ದಾರೆ. 2021ರ ಚುನಾವಣೆ ಹೊತ್ತಿಗೆ ಮತದಾರರೇ ಮೂರು ಲಕ್ಷ ದಾಟಿದ್ದರು. ಅಷ್ಟು ದೊಡ್ಡ ಸಂಸ್ಥೆಗೆ ಅದು ಸರಿ ಇರಬಹುದು. ನಮ್ಮಂಥ ಸಣ್ಣ ಸಂಘಕ್ಕೆ ಅಲ್ಲ ಅಂತ ನನ್ನ ಅನಿಸಿಕೆ. ಒಂದು ಸಲ ದುಡ್ಡು ಇಸಕೊಂಡು ಸುಮ್ಮನಾದರೆ, ಆ ಮನುಷ್ಯ ಊರಲ್ಲಿದ್ದಾನಾ, ಕೆಮ್ಮುತ್ತಿದ್ದಾನಾ, ಬದುಕಿದ್ದಾನಾ ಅಂತ ಕೇಳೋಕೆ ಸಂಘಕ್ಕೆ ಒಂದು ನೆಪವೂ ಉಳಿಯಲ್ಲ. ನಮ್ಮ ಚಂದಾ ವರ್ಷಕ್ಕೆ ಇನ್ನೂರು ರೂಪಾಯಿ. ಅದರಿಂದ ಸಂಘ ಉದ್ಧಾರ ಆಗಲ್ಲ. ನವೀಕರಣ ಅಂದರೆ ವರ್ಷಕ್ಕೊಂದು ಸಲ ಬಾಗಿಲು ತಟ್ಟೋದು, ಅಷ್ಟೇ.

ಇದೇ ಕಾರಣಕ್ಕೆ ತಾನಾಗೇ ದುಡ್ಡು ಕಡಿತವಾಗೋ ವ್ಯವಸ್ಥೆಯನ್ನ ಕಡ್ಡಾಯ ಮಾಡೋದಕ್ಕೂ ನನ್ನ ವಿರೋಧ ಇದೆ. ಯುಪಿಐನಲ್ಲಿ 2020ರಿಂದ ಆಟೋಪೇ ಬಂದಿದೆ. ಕಾರ್ಡಿನಿಂದ ಹೀಗೆ ಕಡಿತ ಮಾಡೋ ಮುಂಚೆ 24 ಗಂಟೆ ಮೊದಲೇ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಬೆಂಗಳೂರಲ್ಲಿರೋ ನನ್ನಂಥವರಿಗೆ ಅನುಕೂಲ, ಬೇಕಾದವರು ಇಟ್ಟುಕೊಳ್ಳಲಿ. ಆದರೆ ಎಲ್ಲರಿಗೂ ಅದನ್ನೇ ಹೇರಿದರೆ ಬಾಗಿಲು ತಟ್ಟೋರು ಯಾರು?

ಕೊನೆಗೆ ನಾವು ಏನು ಮಾಡಿದೆವು ಅಂತ ಹೇಳಿ ಮುಗಿಸ್ತೀನಿ, ಯಾರಿಗಾದರೂ ಉಪಯೋಗ ಆಗಬಹುದು.

ಬೈಲಾ ತಿದ್ದಿ ಸದಸ್ಯತ್ವದ ವರ್ಷವನ್ನ ಆಗಸ್ಟ್ 1ರಿಂದ ಜುಲೈ 31ಕ್ಕೆ ಬದಲಾಯಿಸಿದೆವು. ಲೆಕ್ಕಪತ್ರದ ವರ್ಷ ಏಪ್ರಿಲ್‌ನಿಂದಲೇ ಇರಲಿ, ಎರಡೂ ಒಂದೇ ಆಗಬೇಕು ಅಂತೇನಿಲ್ಲ. ಯಾಕೆ ಜುಲೈ? ಆಷಾಢದಲ್ಲಿ ಪ್ರತಿಷ್ಠೆ ಇಟ್ಟುಕೊಳ್ಳಲ್ಲ. ಎಲ್ಲರೂ ಊರಲ್ಲಿರ್ತಾರೆ, ಬೇಸಿಗೆಯ ಬಾಕಿ ಕೈಗೆ ಬಂದಿರುತ್ತೆ. ಬದಲಾವಣೆಯ ನಡುವಿನ ನಾಲ್ಕು ತಿಂಗಳು ಎಲ್ಲರಿಗೂ ಪುಕ್ಕಟೆ. ಖಜಾಂಚಿ ಮುಖ ಸ್ವಲ್ಪ ಚಿಕ್ಕದಾಯ್ತು.

ಗ್ರೇಸ್ ಮೂರು ತಿಂಗಳು. ಮಹಾಸಭೆ ಸೆಪ್ಟೆಂಬರಿಗೆ ಹೋಯ್ತು. ಗ್ರೇಸಿನಲ್ಲಿರೋರೂ ಸದಸ್ಯರೇ ಅಂತ ಖಾನೆಯಲ್ಲಿ ಗುರುತು ಹಾಕಿದ್ದೀವಿ, ಪಟ್ಟಿಯಲ್ಲಿ ಅವರ ಹೆಸರೂ ಬರುತ್ತೆ. ವರ್ಷದ ಕೊನೆಯಲ್ಲಿ ಸೇರಿದವರು ಎರಡೇ ತಿಂಗಳಿಗೆ ಮತ್ತೆ ಚಂದಾ ಕಟ್ಟಬಾರದು ಅಂತ ರೋಲ್‌ಓವರ್ ದಿನವನ್ನ ಮೇ 1 ಅಂತ ಇಟ್ಟೆವು. ಅವತ್ತಿಂದ ಆಚೆಗೆ ಸೇರಿದವರ ಸದಸ್ಯತ್ವ ಮುಂದಿನ ವರ್ಷದ ಜುಲೈವರೆಗೂ ಓಡುತ್ತೆ.

ನೆನಪಿನ ಎಸ್ಸೆಮ್ಮೆಸ್ ಸದಸ್ಯರಿಗೆ ಮಾತ್ರ ಅಲ್ಲ, ಆಯಾ ಬೀದಿಯ ಒಬ್ಬ ಹುಡುಗನಿಗೂ ಹೋಗುತ್ತೆ. ಅವನು ಹೋಗಿ ಕೇಳಬೇಕು. ಕನ್ನಡದ ಒಂದು ಎಸ್ಸೆಮ್ಮೆಸ್ಸಿಗೆ ಎಪ್ಪತ್ತೇ ಅಕ್ಷರ, ಕಾಗುಣಿತದ ಗುರುತುಗಳೂ ಲೆಕ್ಕಕ್ಕೆ ಬರುತ್ತವೆ. ಅಷ್ಟರಲ್ಲಿ ಮರ್ಯಾದೆಯಾಗಿ ಏನೂ ಹೇಳೋಕೆ ಆಗಲ್ಲ. ಮಾತಿನಲ್ಲೇ ಹೇಳೋದು ವಾಸಿ.

ಇನ್ನೊಂದು. ಎಕ್ಸ್‌ಪೈರ್ಡ್ ಆದವರು ಮತ್ತೆ ದುಡ್ಡು ಕಟ್ಟಿದರೆ ಸಾಫ್ಟ್‌ವೇರ್ ಹೊಸ ಶುರುವಿನ ದಿನಾಂಕ ಹಾಕುತ್ತೆ. ಮೊದಲು ಸೇರಿದ ದಿನಾಂಕ ಎಲ್ಲೂ ಹೋಗಲ್ಲ, ಬೇರೆ ಖಾನೆಯಲ್ಲಿ ಹಾಗೇ ಇರುತ್ತೆ. ನಾನು ಪಟ್ಟಿ ಮುದ್ರಿಸುವಾಗ ತಪ್ಪು ಖಾನೆ ಆರಿಸಿದ್ದೆ. ಹಾಗಾಗಿ ಸಂಘ ಕಟ್ಟಿದ ತಾತ, ದುಡ್ಡು ಕಟ್ಟಿದ ಮೇಲೂ ಪಟ್ಟಿಯ ಕೊನೆಗೆ, ನಿನ್ನೆ ಮೊನ್ನೆ ಸೇರಿದ ಹುಡುಗರಿಗಿಂತ ಕೆಳಗೆ ಬಂದಿದ್ದರು. ಅದನ್ನೂ ಸರಿ ಮಾಡಿದೆ. "ಅವಧಿ ಮುಗಿದಿದೆ" ತೆಗೆದು "ಚಂದಾ ಬಾಕಿ" ಅಂತ ಬರೆದೆ. ಎರಡು ಪದ, ಆದರೆ ಒಂದು ಮನುಷ್ಯನ ಬಗ್ಗೆ ಹೇಳುತ್ತೆ, ಇನ್ನೊಂದು ದುಡ್ಡಿನ ಬಗ್ಗೆ.

"ಇಷ್ಟೆಲ್ಲ ಸಡಿಲ ಬಿಟ್ಟರೆ ಶಿಸ್ತು ಎಲ್ಲಿ?" ಅಂತ ಸಮಿತಿಯಲ್ಲಿ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಸಮಯಕ್ಕೆ ಸರಿಯಾಗಿ ಕಟ್ಟಿದವರಿಗೂ ನ್ಯಾಯ ಆಗಬೇಕು. ಮೂರು ತಿಂಗಳು ಆದ ಮೇಲೂ, ಮನೆಗೆ ಹೋಗಿ ಕೇಳಿದ ಮೇಲೂ ಬೇಡ ಅಂದವರನ್ನ ತೆಗೆಯಲಿ. ಆದರೆ ಸಮಿತಿ ಕೂತು, ಹೆಸರು ಓದಿ, ಆಮೇಲೆ ತೆಗೆಯಲಿ.

ಕಲ್ಲುಪುಡಿ ಜಾಗದ ವಿಷಯ ಮುಂದಿನ ಸಭೆಯಲ್ಲಿ ಮತ್ತೆ ಬಂತು, ತಾತ ಮಾತಾಡಿದರು. ಜಾಗ ಬದಲಾಗಲಿಲ್ಲ. ಬಹುಮತ ಬೇರೆ ಕಡೆ ಇತ್ತು. ಸೋತರೂ ಅವರು ಆ ವರ್ಷ ಚಂದಾ ಕಟ್ಟಿದರು, ಆಷಾಢದ ಮೊದಲ ವಾರದಲ್ಲೇ. ರಸೀದಿ ಇಸಕೊಂಡು ನನ್ನ ಮುಖ ನೋಡಿ, "ಈಗ ಎಷ್ಟು ದಿನ ಐತಪ್ಪಾ ನನ್ನ ಅವಧಿ?" ಅಂದರು.

ಜುಲೈ 31ರವರೆಗೆ ತಾತ, ಅಂದೆ. ಇನ್ನೇನು ಹೇಳಲಿ.