ಕಲ್ಲು ಮ್ಯೂಸಿಯಮ್ಮಿಗೆ, ತೊಗಲು ಊರಾಚೆಗೆ

ನಮ್ಮ ಮಕ್ಕಳ ಚರಿತ್ರೆ ಪಾಠ ಕಲ್ಲಿನಿಂದ ಶುರುವಾಗುತ್ತದೆ. ಹಳೇ ಶಿಲಾಯುಗ, ನವ ಶಿಲಾಯುಗ, ಒಂದು ಕಲ್ಲಿನ ಕೊಡಲಿ. ಆ ಕಲ್ಲಿಗೆ ಕಾವು ಹೇಗೆ ನಿಂತಿತು ಮೇಷ್ಟ್ರೇ? ಮೊಳೆ ಇಲ್ಲ, ಕಬ್ಬಿಣದ ಬಳೆ ಇಲ್ಲ. ಬರೀ ಕಲ್ಲು ಹಿಡಿದು ಹೊಡೆದರೆ ಮರಕ್ಕಿಂತ ಕೈಗೇ ಪೆಟ್ಟು ಜಾಸ್ತಿ. ಕಾವು ಬಂದರೆ ತೋಳು ಉದ್ದವಾಗುತ್ತದೆ, ಬೀಸಿಗೆ ಬಲ ಬರುತ್ತದೆ, ಮರ ಉರುಳುತ್ತದೆ. ಕಲ್ಲನ್ನೂ ಕಾವನ್ನೂ ಒಂದು ಮಾಡಿದ ಕಟ್ಟಿನ ಮಾತು ಯಾಕೆ ಯಾರೂ ಎತ್ತುವುದಿಲ್ಲ?

ನಾವು ಎತ್ತುತ್ತೇವೆ. ನಾರಿತ್ತು, ಬಳ್ಳಿಯಿತ್ತು, ಮರದ ಅಂಟಿತ್ತು. ಆದರೆ ಜಗತ್ತಿನ ಬಹಳ ಕಡೆ ಆ ಕಟ್ಟು ತೊಗಲಿನದು. 1991ರಲ್ಲಿ ಯುರೋಪಿನ ಆಲ್ಪ್ಸ್ ಬೆಟ್ಟದ ಹಿಮದೊಳಗೆ ಸುಮಾರು 5300 ವರ್ಷದ ಹಿಂದಿನ ಒಬ್ಬ ಮನುಷ್ಯನ ಹೆಣ ಸಿಕ್ಕಿತು. ಅವನ ತಾಮ್ರದ ಕೊಡಲಿ ಮರದ ಕಾವಿಗೆ ತೊಗಲ ಪಟ್ಟಿಯಿಂದ ಬಿಗಿದ ಹಾಗೇ ಇತ್ತು. ಹಿಮ ತೊಗಲನ್ನು ಉಳಿಸಿತು. ನಮ್ಮ ಮಣ್ಣು ಉಳಿಸುವುದಿಲ್ಲ. ಮರವನ್ನೂ ತೊಗಲನ್ನೂ ಗೆದ್ದಲು ತಿಂದು ಕಲ್ಲು ಮಾತ್ರ ಮಿಕ್ಕುತ್ತದೆ. ಮಿಕ್ಕಿದ್ದಕ್ಕೆ ಯುಗದ ಹೆಸರು, ಗಾಜಿನ ಪೆಟ್ಟಿಗೆ. ಕೊಳೆತದ್ದು ಲೆಕ್ಕಕ್ಕಿಲ್ಲ.

ಹಸಿ ತೊಗಲಿನ ಕೆಲಸ ಏನು ಅಂತ ಗೊತ್ತೇನ್ರಿ? ಮೊದಲು ಒಳಗಡೆ ಅಂಟಿಕೊಂಡ ಮಾಂಸ, ಕೊಬ್ಬು ಕೆರೆಯಬೇಕು. ಬೂದಿ ನೀರಲ್ಲೋ ಸುಣ್ಣದಲ್ಲೋ ನೆನೆಹಾಕಿ ಕೂದಲು ತೆಗೆಯಬೇಕು. ತಂಗಡಿ ಚಕ್ಕೆ ಹಾಕಿ ಹದ ಮಾಡಿದ ಚರ್ಮ ಚಪ್ಪಲಿಗೆ ಸರಿ. ಬಿಗಿಯುವ ಕೆಲಸಕ್ಕೆ ಹದ ಮಾಡದ ಹಸಿ ತೊಗಲೇ ಬೇಕು. ಅಂಚಿನಿಂದ ಸುತ್ತ ಕುಯ್ಯುತ್ತಾ ಒಳಕ್ಕೆ ಹೋದರೆ ಅಂಗೈ ಅಗಲದ ತುಂಡಿನಿಂದಲೂ ಮಾರುದ್ದದ ಬಾರು ಬರುತ್ತದೆ. ಬಾರನ್ನು ನೀರಲ್ಲಿ ನೆನೆಸಿ, ಒದ್ದೆಯಿರುವಾಗಲೇ ಎಳೆದೆಳೆದು ಸುತ್ತಬೇಕು. ಅವಸರ ಮಾಡಿ ಬೆಂಕಿಗೆ ಒಡ್ಡಿದರೆ ಬೆಂದು ಮುರುಟುತ್ತದೆ. ನೆರಳಲ್ಲಿ ನಿಧಾನಕ್ಕೆ ಒಣಗಿದರೆ ತೊಗಲು ತಾನೇ ಕುಗ್ಗಿ ಕಲ್ಲನ್ನು ಕಚ್ಚಿ ಹಿಡಿಯುತ್ತದೆ, ಮರದಷ್ಟು ಗಡಸಾಗುತ್ತದೆ. ಮಳೆಗೆ ನೆಂದರೆ ಮತ್ತೆ ಸಡಿಲ. ಅದಕ್ಕೇ ಮೇಲೆ ಕೊಬ್ಬೋ ಅಂಟೋ ಬಳಿಯಬೇಕು.

ಇದು ವಿದ್ಯೆ ಅಲ್ಲವೇನು? ಲ್ಯಾಬೊರೇಟರಿಯಲ್ಲಿ ಬಿಳಿ ಕೋಟು ಹಾಕಿಕೊಂಡು ಹೇಳಿದರೆ ವಿಜ್ಞಾನ. ಕೇರಿಯಲ್ಲಿ ಮಾಡಿ ತೋರಿಸಿದರೆ ಕುಲಕಸುಬು!

ಉತ್ತರ ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳನ್ನು ನೋಡಿ. ಲಕೋಟ, ಚೆಯೆನ್ ಮುಂತಾದ ಜನ ಮೊಟ್ಟೆಯಾಕಾರದ ಕಲ್ಲಿನ ನಡುವೆ ಸುತ್ತಲೂ ಗಾಡಿ ಕೊರೆದು, ಮರದ ಕಾವು ಹೊಂದಿಸಿ, ಕಾಡೆಮ್ಮೆಯಂಥ ಬೈಸನ್ನಿನ ಹಸಿ ತೊಗಲು ಹೊದಿಸಿ ಹೊಲಿಯುತ್ತಿದ್ದರು. ಒಣಗಿದರೆ ಕಲ್ಲೂ ಕಾವೂ ಒಂದೇ ಮೈ. ಒಣಮಾಂಸ ಕುಟ್ಟಲು, ಕಾಡುಹಣ್ಣು ಜಜ್ಜಲು, ಗುಡಾರದ ಗೂಟ ಹೊಡೆಯಲು ಅದೇ ಸುತ್ತಿಗೆ. ತೊಗಲಿನ ಕೆಲಸ ಅಲ್ಲಿ ಹೆಣ್ಣುಮಕ್ಕಳದು. ತೊಗಲು ಕೆರೆಯುವ ಕೊಂಬಿನ ಹಿಡಿಯ ಮೇಲೆ ಅವರು ಚುಕ್ಕೆ ಕೊರೆದಿಡುತ್ತಿದ್ದರು, ತಾವು ಹಸನು ಮಾಡಿದ ತೊಗಲು ಎಷ್ಟು ಅನ್ನುವ ಲೆಕ್ಕಕ್ಕೆ. ಅದನ್ನು ನಾಲ್ಕು ಜನಕ್ಕೆ ತೋರಿಸಿ ಹೆಮ್ಮೆಪಡುತ್ತಿದ್ದರು. ಅವರನ್ನೂ ದೋಚಿದ್ದು ತೊಗಲಿಗಾಗಿಯೇ. ಬಿಳಿಯರು ಕಾರ್ಖಾನೆಯ ಯಂತ್ರಗಳ ಬೆಲ್ಟಿಗೆಂದು ತೊಗಲು ಸುಲಿದು ಮಾಂಸ ಕೊಳೆಯಲು ಬಿಟ್ಟರು. ಕೋಟಿಗಟ್ಟಲೆ ಇದ್ದ ಆ ಪ್ರಾಣಿ 1880ರ ದಶಕದ ಕೊನೆಗೆ ಕೆಲವು ನೂರಕ್ಕೆ ಇಳಿಯಿತು. ಅವರ ಅನ್ನ ಕಿತ್ತರು. ಆದರೂ ತೊಗಲು ಮುಟ್ಟಿದ ಕೈ ಮೈಲಿಗೆ ಅಂತ ಅವರು ತಮ್ಮವರನ್ನು ಗುಡಾರದಾಚೆಗೆ ಅಟ್ಟಲಿಲ್ಲ. ಆ ಮಹಾ ಪಾಂಡಿತ್ಯ ಈ ಪುಣ್ಯಭೂಮಿಯದು.

ನಮ್ಮ ನೆಲಕ್ಕೇ ಬನ್ನಿ. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಸುಮಾರು 4000 ವರ್ಷದ ಹಿಂದೆ ಕರಿಕಲ್ಲಿನ ಕೊಡಲಿಗಳನ್ನು ರಾಶಿ ರಾಶಿ ಮಾಡುತ್ತಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಅಗೆದಾಗಲೂ ಉಜ್ಜಿ ನುಣುಪು ಮಾಡಿದ ಕೊಡಲಿಗಳು ಸಿಕ್ಕವು. ಆ ಜನ ದನಗಾಹಿಗಳು. ಅವರ ದೊಡ್ಡಿಯ ಸಗಣಿ ಸುಟ್ಟ ಬೂದಿಗುಡ್ಡಗಳು ಇವತ್ತಿಗೂ ನಿಂತಿವೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ದನ ಕೊಯ್ದು ಪಾಲು ಮಾಡಿದ ಜಾಗವೇ ಅಗೆತದಲ್ಲಿ ಸಿಕ್ಕಿದೆ. ದನ ಸಾಕಿದವರೂ ಅವರೇ, ಕೊಯ್ದವರೂ ಅವರೇ, ತಿಂದವರೂ ಅವರೇ. ಈ ನಾಡಿನ ಮೊದಲ ರೈತರು ಅಂತ ಪುಸ್ತಕ ಅವರನ್ನು ಹೊಗಳುತ್ತದೆ. ಅದೇ ಕೆಲಸವನ್ನು ಮಾದಿಗರ ಕೇರಿಯಲ್ಲಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತದೆ.

ತೊಗಲೇ ಮೈಲಿಗೆಯಾದರೆ ಜಿಂಕೆ ತೊಗಲು ಹೇಗೆ ಮಡಿಯಾಯಿತು ಸ್ವಾಮಿ? ಉಪನಯನಕ್ಕೆ ಕೃಷ್ಣಾಜಿನ ಬೇಕು. ತಪಸ್ಸಿಗೆ ಹುಲಿ ಚರ್ಮ ಬೇಕು. ದೇವರ ಮುಂದೆ ಮೃದಂಗ ಬೇಕು, ಊರ ಹಬ್ಬಕ್ಕೆ ತಮಟೆ ಬೇಕು. ಒದ್ದೆಯಲ್ಲಿ ಎಳೆದು ಕಟ್ಟಿದ ತೊಗಲು ಒಣಗಿ ಬಿಗಿಯಾಗುವ ಅದೇ ಗುಣದಿಂದ ತಮಟೆ ದನಿ ಕೊಡುತ್ತದೆ. ನೊಗಕ್ಕೆ ಮಿಣಿ, ಕಪಿಲೆ ಬಾವಿಗೆ ತೊಗಲ ಚೀಲ, ಗೌಡನ ಕಾಲಿಗೆ ಜೋಡು, ಎಲ್ಲಾ ಕೇರಿಯಿಂದಲೇ ಹೋದವು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತವನಿಗೆ ಸಿಕ್ಕಿದ್ದು ಮೊರದಷ್ಟು ಕಾಳು, ಬಾಯಿತುಂಬ ಬೈಗಳು. ಹಾಗಾದರೆ ಮೈಲಿಗೆ ತೊಗಲಿನಲ್ಲಿಲ್ಲ. ದುಡಿದವನಿಗೆ ಕೂಲಿ ಕೊಡದಿರಲು ಹುಡುಕಿದ ನೆಪದಲ್ಲಿದೆ.

ಈ ನೆಪ ಇವತ್ತಿಗೂ ಕೊಲ್ಲುತ್ತಿದೆ. 2002ರಲ್ಲಿ ಹರಿಯಾಣದ ಝಜ್ಜರಿನಲ್ಲಿ ಹಸು ಕೊಂದರೆಂಬ ಗಾಳಿಮಾತಿಗೆ ಐದು ಮಂದಿ ದಲಿತರನ್ನು ಬಡಿದು ಕೊಂದರು. 2016ರ ಜುಲೈನಲ್ಲಿ ಗುಜರಾತಿನ ಉನಾದಲ್ಲಿ ಸತ್ತ ಹಸುವಿನ ತೊಗಲು ಸುಲಿದವರನ್ನು ಕಾರಿಗೆ ಕಟ್ಟಿ ಹೊಡೆದರು. ಸುಲಿಯದಿದ್ದರೆ ಊರ ಬಹಿಷ್ಕಾರ, ಸುಲಿದರೆ ಬಾರುಕೋಲು. ಆಗ ಅಲ್ಲಿನ ನಮ್ಮ ಜನ ಸತ್ತ ದನಗಳನ್ನು ತಂದು ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ಸುರಿದರು. ನಾರಿದ್ದು ದನವಲ್ಲ, ವ್ಯವಸ್ಥೆ.

ಈಗ ಒಂದು ಎಚ್ಚರಿಕೆಯ ಮಾತು. ತೊಗಲಿನ ವಿದ್ಯೆ ದೊಡ್ಡದು ಅಂದ ತಕ್ಷಣ ಕೆಲವರು ಓಡಿಬರುತ್ತಾರೆ: 'ಆಹಾ, ಎಂಥ ಪರಂಪರೆ! ನೀವು ಇದನ್ನು ಬಿಡಬಾರದು!' ಅವರ ಮಕ್ಕಳು ಎಂಜಿನಿಯರಾಗಬೇಕು, ನಮ್ಮ ಮಕ್ಕಳು ಪರಂಪರೆ ಕಾಯಬೇಕು! ಸಾಧ್ಯವಿಲ್ಲ. ಸತ್ತ ದನದ ಮಾಂಸ ಬಿಡಿ ಎಂದು ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಕರೆ ಕೊಟ್ಟದ್ದು ನಮಗೆ ನೆನಪಿದೆ. ಬಿಟ್ಟಿ ಚಾಕರಿಗೆ ನಾವು ವಾಪಸು ಹೋಗುವುದಿಲ್ಲ. ಕಸುಬು ಬಿಡುವುದೂ ನಮ್ಮ ಹಕ್ಕು, ಆ ವಿದ್ಯೆ ನಮ್ಮದೆಂದು ಹೇಳುವುದೂ ನಮ್ಮ ಹಕ್ಕು. ಎರಡರಲ್ಲಿ ಒಂದನ್ನು ಆರಿಸಿ ಅನ್ನಲು ಇವರ್ಯಾರು?

ಆದ್ದರಿಂದ ಹಳ್ಳಿ ಶಾಲೆಯ ಗೆಳೆಯರೇ, ಶಿಲಾಯುಗದ ಪಾಠ ಬಂದಾಗ ಬರೀ ಚಿತ್ರ ತೋರಿಸಿ ಮುಂದೆ ಹೋಗಬೇಡಿ. ಒಂದು ಕಲ್ಲು, ಒಂದು ಕೋಲು, ನೆನೆಸಿದ ಒಂದು ತೊಗಲ ಬಾರು ತನ್ನಿ. ಒಣಗಿದ ಮೇಲೆ ಎಳೆದು ನೋಡಲಿ ಮಕ್ಕಳು. ಆದರೆ ಒಂದು ಷರತ್ತು: ಕಟ್ಟುವ ಕೆಲಸಕ್ಕೆ ಕೇರಿಯ ಹುಡುಗನನ್ನು ಕರೆಯಬೇಡಿ. ಅವನು ಕುರ್ಚಿಯಲ್ಲಿ ಕೂತು ನೋಡಲಿ. ಗೌಡರ ಮಗ ಬರಲಿ, ಪೂಜಾರಿ ಮಗ ಬರಲಿ, ಮೊದಲು ನೀವೇ ಬನ್ನಿ.

ತೊಗಲು ಮುಟ್ಟುವ ಸರದಿ ಈಗ ನಿಮ್ಮದು.