ಹಿತ್ತಲ ಶೆಡ್ಡಿನ ಅಂಬಾಸಿಡರ್

ನಿಮ್ಮ ಮನೆಯ ಹಿತ್ತಲಲ್ಲಿ, ತಗಡಿನ ಶೆಡ್ಡಿನ ಕೆಳಗೆ, ಹಿರಿಯರು ಬಿಟ್ಟುಹೋದ ಹಳೆಯ ಕಾರೊಂದು ನಿಂತಿದೆಯೇ? ಅದರ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸುತ್ತೀರಾ? ಹಿಂದಿನ ಸೀಟಿನಲ್ಲಿ ಈರುಳ್ಳಿ ಚೀಲ ಕೂತಿದೆಯೇ? ಹಾಗಿದ್ದರೆ ಸಹೋದರಿ, ಈ ತಿಂಗಳ ಮಾತು ನಿಮಗಾಗಿಯೇ.

ನನ್ನ ತವರು ಕಲಘಟಗಿ ತಾಲೂಕಿನ ದೇವಿಕೊಪ್ಪ. ಧಾರವಾಡ ಜಿಲ್ಲೆ ಎಂದೊಡನೆ ನವಲಗುಂದ, ಅಣ್ಣಿಗೇರಿಯ ಎರೆಭೂಮಿಯನ್ನು ನೆನೆಯುವವರಿಗೆ ನಮ್ಮ ಕಡೆಯ ಮಳೆ ಗೊತ್ತಿರುವುದಿಲ್ಲ. ಇದು ಮಲೆನಾಡಿನ ಸೆರಗು. ಮಳೆಗಾಲದ ನಾಲ್ಕು ತಿಂಗಳು ಕಬ್ಬಿಣಕ್ಕೆ ಇಲ್ಲಿ ಬೇರೆ ಶತ್ರು ಬೇಕಾಗಿಲ್ಲ. ಅಲ್ಲಿನ ನಮ್ಮ ಮನೆಯಲ್ಲಿ ಅಪ್ಪನ 1974ರ ಅಂಬಾಸಿಡರ್ ಮಾರ್ಕ್-2 ಇದೆ. 2021ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಒಂದು ಕಾಲದಲ್ಲಿ ನಮ್ಮ ಓಣಿಯ ಹೆರಿಗೆಗಳೆಲ್ಲ ಆ ಕಾರಿನ ಪಾಲಿಗೆ ಬರುತ್ತಿದ್ದವು. ರಾತ್ರಿ ಎಷ್ಟೇ ಹೊತ್ತಾಗಿರಲಿ, ಬಾಗಿಲು ಬಡಿದರೆ ಅಪ್ಪ ಎದ್ದು ಹುಬ್ಬಳ್ಳಿಗೆ ಹೊರಡುತ್ತಿದ್ದರು. ನನ್ನ ದೊಡ್ಡ ಮಗಳು ಹುಟ್ಟುವ ರಾತ್ರಿ ನಾನೂ ಅದೇ ಹಿಂದಿನ ಸೀಟಿನಲ್ಲಿ ನರಳುತ್ತಾ ಹೋದವಳು.

2025ರ ಮಳೆಗಾಲ ಮುಗಿದ ಮೇಲೆ ಗುಜರಿಯವನೊಬ್ಬ ಬಂದು ಮೂವತ್ತು ಸಾವಿರ ಎಂದ. ತಮ್ಮನಿಗೆ ಅದೇ ಸರಿ ಅನಿಸಿತು. ಅವನನ್ನು ದೂರಲಾರೆ. ಮಕ್ಕಳ ಫೀಸು ಕಟ್ಟುವವನು ಅವನು. ಆ ವರ್ಷದ ಆಗಸ್ಟಿನಲ್ಲೇ ಕೇಂದ್ರ ಸರಕಾರ 20 ವರ್ಷ ಮೀರಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿತ್ತು. ಇನ್ನೊಂದು ದಾರಿಯೂ ಇತ್ತು. 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000, ಅವಧಿ 10 ವರ್ಷ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಗುರುತು. ಆದರೆ ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇದನ್ನು ವಿವರಿಸಿದಾಗ ಅಮ್ಮ ಕೇಳಿದ್ದು ಒಂದೇ: “ಸಂತಿಗೆ ಹೋಗಬಾರದಂದ್ರ ಅದನ್ನ ಇಟಗೊಂಡು ಪೂಜಾ ಮಾಡಬೇಕೇನ?”

ಅಮ್ಮ ಕಾರು ಓಡಿಸಿದವಳಲ್ಲ. ಚಾಲಕನ ಸೀಟಿನಲ್ಲಿ ಒಮ್ಮೆಯೂ ಕೂತವಳಲ್ಲ. ಆದರೆ ಅಪ್ಪ ಕಾರಿನಡಿ ಮಲಗಿದಾಗಲೆಲ್ಲ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತವಳು ಅವಳು. ಮೂವತ್ತು ವರ್ಷಕ್ಕೂ ಮಿಕ್ಕಿದ ಕೆಲಸ ಅದು. ಬೆಳಕು ಹಿಡಿಯುವವರು ಕೆಲಸವನ್ನೂ ನೋಡುತ್ತಿರುತ್ತಾರೆ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ತಮ್ಮನ ಮಗ, ಐಟಿಐ ಮುಗಿಸಿದವನು, ಹೊಸ ಬ್ಯಾಟರಿ ತಂದು ನೇರ ಕೀಲಿ ತಿರುಗಿಸಲು ಹೋದ. ಅಮ್ಮ ಅವನ ಕೈ ಹಿಡಿದಳು.

ಅವಳು ತಡೆದದ್ದು ಸರಿಯಾಗಿತ್ತು. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿದಿರುತ್ತದೆ. ಒಮ್ಮೆಲೆ ತಿರುಗಿಸಿದರೆ ಪಿಸ್ಟನ್ ರಿಂಗುಗಳು ಮುರಿಯಬಹುದು. ಮೊದಲು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಸ್ವಲ್ಪ ಇಂಜಿನ್ ಎಣ್ಣೆ ಬಿಟ್ಟು, ಒಂದೆರಡು ದಿನ ಹಾಗೇ ಇಡಬೇಕು. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಿಂದಲೇ ನಿಧಾನ ತಿರುಗಿಸಬೇಕು. ಹಳೆಯ ಎಣ್ಣೆ ಇಳಿಸಿ ಹೊಸದು ತುಂಬಬೇಕು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ, ಅದನ್ನೂ ತೊಳೆಯಬೇಕು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವೆ ಇರಬೇಕಾದ ಅಂತರ ಸುಮಾರು 0.4 ಮಿಲಿಮೀಟರ್. ಅಳತೆಪಟ್ಟಿ ಕೈಗೆ ಸಿಗದ ದಿನ ಅಪ್ಪ ದಪ್ಪನೆಯ ಮದುವೆ ಕಾರ್ಡಿನ ತುಂಡು ಬಳಸುತ್ತಿದ್ದರಂತೆ. ಅಂಥದೊಂದು ತುಂಡು ಅಮ್ಮನ ಸ್ಕ್ರೂ ಡಬ್ಬಿಯಲ್ಲಿ ಇನ್ನೂ ಇತ್ತು.

ಇಂಜಿನ್ ಹೊತ್ತಿಸುವ ಆಸೆ ಎಲ್ಲರಿಗೂ ಮೊದಲು. ಅಪ್ಪನ ಕ್ರಮ ಬೇರೆ: ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು. ಆ ಕಾಲದ ಅಂಬಾಸಿಡರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಒಳಗಿನ ರಬ್ಬರು ಊದಿ ಬಿರಿಯುತ್ತದೆ. ನಮ್ಮ ಕಾರಿನ ನಾಲ್ಕು ಚಕ್ರಗಳಲ್ಲಿ ಮೂರು ಸೋರುತ್ತಿದ್ದವು. ಖರ್ಚಿನ ದೊಡ್ಡ ಪಾಲು ಹೋದದ್ದು ಅಲ್ಲಿಗೇ. ಹೋಗಲಿ ಬಿಡಿ, ಅದರಲ್ಲಿ ಉಳಿಸಬಾರದು.

ತುಕ್ಕು ಕಣ್ಣಿಗೆ ಕಾಣುವಲ್ಲಿ ಇರುವುದಿಲ್ಲ. ಕಾಲಡಿಯ ಮ್ಯಾಟ್ ಎತ್ತಿ ನೋಡಿ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹರಿದುಹೋಗುವ ಸಣ್ಣ ತೂತುಗಳಿರುತ್ತವೆ. ಮಣ್ಣು ತುಂಬಿ ಅವು ಮುಚ್ಚಿದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಒಂದು ಕಡ್ಡಿ ಸಾಕು, ಅಡುಗೆಮನೆಯಿಂದ ಹೊರಬಂದು ಹತ್ತು ನಿಮಿಷದಲ್ಲಿ ಮಾಡುವ ಕೆಲಸ. ಹಿಂದೊಮ್ಮೆ ಪಟ್ಟಣದ ಒಂದು ಗ್ಯಾರೇಜಿನಲ್ಲಿ ತುಕ್ಕನ್ನು ಕೆರೆಯದೆ ಮೇಲೆ ಪಟ್ಟಿ ಹಚ್ಚಿ ಬಣ್ಣ ಬಳಿದು ಕೊಟ್ಟಿದ್ದರು. ಒಂದೇ ಮಳೆಗಾಲದಲ್ಲಿ ಅದು ಪೂರಿಯಂತೆ ಉಬ್ಬಿತು. ಈ ಸಲ ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಿಸಿದೆವು. ಬಣ್ಣದ ಹೊಳಪು ಕಡಿಮೆಯಾದರೂ ಚಿಂತೆಯಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಿದ್ದೇನೆ, ಮುಖ ಕಾಣುವಷ್ಟು ಹೊಳಪು. ಅವು ಮಳೆಯಲ್ಲಿ ಸಂತೆಗೆ ಹೋಗಬೇಕಾಗಿಲ್ಲ, ನಮ್ಮದು ಹೋಗಬೇಕು.

ಈಗಿನ ಪೆಟ್ರೋಲಿನ ಬಗ್ಗೆಯೂ ಹೇಳಬೇಕು. ಅದರಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಹಳೆಯ ಕಾರಿನ ರಬ್ಬರ್ ಪೈಪುಗಳು ಅದಕ್ಕೆ ತಯಾರಾದವಲ್ಲ. ಮೆತ್ತಗಾಗಿ ಸೋರುತ್ತವೆ, ಸೋರುವುದು ಬಿಸಿ ಇಂಜಿನ್ನಿನ ಮೇಲೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಪೈಪುಗಳನ್ನೆಲ್ಲ ಎಥೆನಾಲ್ ತಾಳುವಂಥವಕ್ಕೆ ಬದಲಾಯಿಸಿದೆವು. ತಿಂಗಳುಗಟ್ಟಲೆ ಪೆಟ್ರೋಲು ತುಂಬಿಸಿ ನಿಲ್ಲಿಸುವುದಿಲ್ಲ. ಬಿಡಿಭಾಗಗಳ ಚಿಂತೆ ಅಷ್ಟಿಲ್ಲ. 2014ರಲ್ಲಿ ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ ಅಂಬಾಸಿಡರ್ ತಯಾರಿಕೆಯನ್ನು ನಿಲ್ಲಿಸಿದರೂ, ಹುಬ್ಬಳ್ಳಿಯಲ್ಲಿ ಹುಡುಕಿದಾಗ ನಮಗೆ ಬೇಕಾದದ್ದೆಲ್ಲ ಸಿಕ್ಕಿತು.

ಮನೆಯಲ್ಲಿ ಮಕ್ಕಳಿರುವವರಿಗೆ ಒಂದು ಮಾತು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಯಾರನ್ನೂ ನುಸುಳಲು ಬಿಡಬೇಡಿ. ಗಟ್ಟಿ ಸ್ಟ್ಯಾಂಡ್ ಇರಲೇಬೇಕು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ, ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಪೆಟ್ರೋಲಿನಲ್ಲಿ ಭಾಗ ತೊಳೆಯುವ ಚಾಳಿ ನಮ್ಮ ಗಂಡಸರಿಗಿದೆ. ಅವರು ಹಿತ್ತಲಲ್ಲಿ ತೊಳೆಯುತ್ತಿರುವಾಗಲೇ ನಾವು ಒಲೆ ಹಚ್ಚಿರುತ್ತೇವೆ.

ನಾಲ್ಕು ತಿಂಗಳ ಭಾನುವಾರಗಳು ಹೀಗೇ ಕಳೆದವು. ಖರ್ಚು ಗುಜರಿಯವನು ಕೊಡುತ್ತೇನೆಂದದ್ದಕ್ಕಿಂತ ಹೆಚ್ಚೇ ಆಯಿತು. ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರ, ಅದನ್ನು ಮುಚ್ಚಿಡುವುದಿಲ್ಲ. ಸಾಲ ಮಾಡಿ ಇಂಥದಕ್ಕೆ ಕೈ ಹಾಕಬೇಡಿ. ನಾವು ನಾಲ್ಕು ಮಕ್ಕಳು ಹಂಚಿಕೊಂಡೆವು. ವಿಂಟೇಜ್ ಬೇಡವೆಂದು ಮಾಮೂಲಿ ನೋಂದಣಿಯನ್ನೇ ನವೀಕರಿಸಿದೆವು.

ಮೊದಲ ಸಲ ಕಲಘಟಗಿಗೆ ಹೊರಟಾಗ ಅಮ್ಮ ಮುಂದೆ ಕೂತಿದ್ದಳು. ಊರು ದಾಟುವ ಮುನ್ನವೇ “ನಿಲ್ಲಸು” ಎಂದಳು. ಹುಡುಗ ಗಾಬರಿಯಾಗಿ ನಿಲ್ಲಿಸಿದ. ಅವಳು ಕಣ್ಣುಮುಚ್ಚಿ ಇಂಜಿನ್ನಿನ ಸದ್ದು ಕೇಳಿದಳು. “ಮೂರನೇ ಟ್ಯಾಪೆಟ್ ಸಡಿಲ ಐತಿ. ನಿಮ್ಮಜ್ಜಾ ಇದ್ದಿದ್ರ ಹಿಂಗ ಬಿಡತಿದ್ದಿಲ್ಲ.” ಮನೆಗೆ ಮರಳಿ ಬಾನೆಟ್ ಎತ್ತುವಾಗ ಸಂಜೆಯಾಗಿತ್ತು. ಟಾರ್ಚ್ ಈಗ ಹುಡುಗನ ಕೈಯಲ್ಲಿತ್ತು.